ಡೆವನ್‌ನ ಒಂದು ಸೈಡರ್ ಮನೆ, ಅದರ ಮಣ್ಣಿನ ಗೋಡೆ, ಮುಚ್ಚಿಹೋಗಿದ್ದ ಒಂದು ತೂತು

ಹಳೇ ಮಣ್ಣಿನ ಗೋಡೆ ರಿಪೇರಿ ಮಾಡೋರು, ಮಾಡಿಸೋರು ಇಬ್ರಿಗೂ ಉಪಯೋಗ ಆಗ್ಲಿ ಅಂತ ಈ ಒಂದು ಕೇಸ್ ಪೂರ್ತಿಯಾಗಿ ಬರೀತಿದೀನಿ. ನಾನು ಹಾಸನ ಕಡೆಯವನು, ಸ್ಟ್ರಕ್ಚರಲ್ ಎಂಜಿನಿಯರ್, ಇಂಗ್ಲೆಂಡಲ್ಲಿ ಹಳೇ ಕಟ್ಟಡಗಳನ್ನ ನೋಡ್ಕೊಳ್ಳೋ ಒಂದು ಸಣ್ಣ ಆಫೀಸಲ್ಲಿ ಕೆಲಸ. ಮನೆಯವರ ಹೆಸರು, ಊರು, ಜಮೀನಿನ ಗುರುತು ಎಲ್ಲಾ ತೆಗೆದಿದೀನಿ, ಒಂದೆರಡು ಅಳತೆಯನ್ನೂ ಬದಲಿಸಿದೀನಿ. ಆದ್ರೆ ಏನಾಯ್ತು, ನಾವು ಎಲ್ಲಿ ಎಡವಿದ್ವಿ ಅನ್ನೋದನ್ನ ಬದಲಿಸಿಲ್ಲ.

ಜಾಗ ಇಂಗ್ಲೆಂಡಿನ ನೈಋತ್ಯದ ಡೆವನ್ ಸೀಮೆ. ಅಲ್ಲಿ ಹಳೇ ತೋಟದ ಮನೆಗಳಲ್ಲಿ ಪೌಂಡ್ ಹೌಸ್ ಅಂತ ಒಂದು ಕಟ್ಟಡ ಇರುತ್ತೆ, ಅಂದ್ರೆ ಸೇಬನ್ನ ಅರೆದು ಹಿಂಡಿ ಸೈಡರ್ ಮಾಡೋ ಮನೆ. ಸೈಡರ್ ಅಂದ್ರೆ ಸೇಬಿನ ರಸ ಹುದುಗಿಸಿ ಮಾಡೋ ಪಾನೀಯ. ಇದು ಶೋಕಿಗೆ ಮಾಡ್ತಿದ್ದದ್ದಲ್ಲ, ಕೂಲಿಯವರಿಗೆ ಸಂಬಳದ ಒಂದು ಭಾಗವೇ ಸೈಡರ್ ಆಗಿತ್ತು, 1887ರ ಕಾಯ್ದೆ ಬಂದಮೇಲೇ ಕೂಲಿ ಬದಲು ಮದ್ಯ ಕೊಡೋದನ್ನ ನಿಲ್ಲಿಸಿದ್ದು. 1763ರಲ್ಲಿ ಸರ್ಕಾರ ಸೈಡರ್ ಮೇಲೆ ತೆರಿಗೆ ಹಾಕಿ, ಅಧಿಕಾರಿಗಳು ರೈತರ ಮನೆಯೊಳಗೇ ನುಗ್ಗಿ ಪೀಪಾಯಿ ಲೆಕ್ಕ ಮಾಡಬಹುದು ಅಂದಾಗ ಸೈಡರ್ ಸೀಮೆಗಳಲ್ಲಿ ಎಷ್ಟು ಗಲಾಟೆ ಆಯ್ತು ಅಂದ್ರೆ 1766ಕ್ಕೆ ಅದನ್ನ ವಾಪಸ್ ತಗೋಬೇಕಾಯ್ತು. ಅಷ್ಟರ ಮಟ್ಟಿಗೆ ಈ ಮನೆಗಳು ಅಲ್ಲಿನ ಬದುಕಿನ ಒಳಗಿದ್ವು.

ನಾವು ನೋಡಿದ ಕಟ್ಟಡ ಸುಮಾರು 12 ಮೀಟರ್ ಉದ್ದ, 5 ಮೀಟರ್ ಚಿಲ್ಲರೆ ಅಗಲ, ಇಳಿಜಾರಿಗೆ ಬೆನ್ನು ಕೊಟ್ಟು ನಿಂತಿದೆ. ಹಾಗೆ ನಿಲ್ಲಿಸಿದ್ದಕ್ಕೂ ಕಾರಣ ಇದೆ, ಮೇಲಿನ ದಾರಿಯಿಂದ ಗಾಡಿ ಬಂದು ಸೇಬನ್ನ ನೇರ ಅಟ್ಟಕ್ಕೆ ಸುರಿಯುತ್ತೆ, ಹೊತ್ತು ಹತ್ತಿಸೋ ಕೆಲಸ ಇಲ್ಲ. ಅಟ್ಟಕ್ಕೆ ಅಲ್ಲಿ ಟ್ಯಾಲೆಟ್ ಅಂತಾರೆ. ಅಲ್ಲಿ ಸೇಬು ಕೆಲವು ವಾರ ರಾಶಿ ಬಿದ್ದು ಮೆತ್ತಗಾದಮೇಲೆ ಒಂದು ಕಿಂಡಿಯಿಂದ ಕೆಳಗಿನ ಗ್ರಾನೈಟ್ ಮರಿಗೆಗೆ ಬೀಳುತ್ತೆ. ಮರಿಗೆ ದುಂಡಗಿದೆ, ಅದರೊಳಗೆ ಒಂದು ಕಲ್ಲಿನ ಚಕ್ರ ನಿಂತು ಉರುಳುತ್ತೆ, ಕುದುರೆ ಸುತ್ತು ಹೊಡೀತಾ ಎಳೆಯುತ್ತೆ. ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಮಲೆನಾಡಿನ ಆಲೆಮನೆಯ ಕೋಣದ ಗಾಣ. ಅಲ್ಲಿ ಕಬ್ಬು, ಇಲ್ಲಿ ಸೇಬು, ಪ್ರಾಣಿ ಸುತ್ತೋ ವೃತ್ತ ಒಂದೇ, ನೆಲದ ಮೇಲೆ ಚೆಲ್ಲೋ ರಸವೂ ಒಂದೇ. ಈ ಚೆಲ್ಲೋ ರಸದ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಅರೆದ ಹಿಪ್ಪೆಯನ್ನ ಓಕ್ ಮರದ ಪ್ರೆಸ್ ಮೇಲೆ ಒಂದು ಪದರ ಹಿಪ್ಪೆ, ಒಂದು ಪದರ ಗೋಧಿ ಹುಲ್ಲು ಅಂತ ಕಟ್ಟಿ, ಮೇಲಿಂದ ತಿರುಪು ಬಿಗಿದು ಹಿಂಡೋದು. ಹೆರೆಫರ್ಡ್‌ಶೈರ್ ಅನ್ನೋ ಇನ್ನೊಂದು ಸೈಡರ್ ಸೀಮೆ ಕಡೆ ಇದಕ್ಕೆ ಕುದುರೆ ಕೂದಲಿನ ಬಟ್ಟೆ ಬಳಸ್ತಿದ್ರು, ಡೆವನ್‌ನಲ್ಲಿ ಹುಲ್ಲೇ. ನನಗೆ ತುಂಬಾ ಇಷ್ಟ ಆದ ವಿಷಯ ಇದು: ಅದೇ ಗೋಧಿ ಹುಲ್ಲು ಪ್ರೆಸ್‌ನೊಳಗೆ, ಅದೇ ಹುಲ್ಲು ಮಾಡಿನ ಮೇಲೆ, ಅದೇ ಹುಲ್ಲು ಗೋಡೆಯ ಮಣ್ಣಿನಲ್ಲೂ.

ಗೋಡೆ ಕಾಬ್. ಅಂದ್ರೆ ಅಲ್ಲೇ ಅಗೆದ ಮಣ್ಣಿಗೆ ನೀರು, ಹುಲ್ಲು ಹಾಕಿ ತುಳಿದು, ಯಾವ ಹಲಗೆಯೂ ಕಟ್ಟದೆ ಕವೆಗೋಲಲ್ಲಿ ಎತ್ತಿ ಹಾಕಿ, ಮೇಲೆ ನಿಂತು ತುಳಿದು, ಒಂದು ವರಸೆ ಅರ್ಧ ಮೀಟರ್ ಆಸುಪಾಸು ಎತ್ತರ ಬಂದಮೇಲೆ ಒಣಗೋಕೆ ಬಿಟ್ಟು, ಬದಿಯನ್ನ ಸಪಾಟಾಗಿ ಕೆತ್ತಿ, ಆಮೇಲೆ ಮುಂದಿನ ವರಸೆ. ನಮ್ಮೂರಲ್ಲಿ ಅಜ್ಜಿ ಮನೆ ಗೋಡೆ ಹಾಕಿದ್ದೂ ಹೀಗೇ ಅಂತ ಕೇಳಿದೀನಿ. ಇಲ್ಲಿ ಗೋಡೆ 600 ಮಿಲಿಮೀಟರ್ ದಪ್ಪ, ಕೆಳಗೆ ಕಲ್ಲಿನ ಪಂಚಾಂಗ, ಅಂದ್ರೆ ಮಣ್ಣಿನ ಗೋಡೆ ಕೂತಿರೋ ಕಲ್ಲಿನ ಬುಡ. ಈ ದಪ್ಪ ಗೋಡೆ ಒಳಗಿನ ಸೆಕೆ ಚಳಿಯನ್ನ ಏರುಪೇರಾಗೋಕೆ ಬಿಡಲ್ಲ, ಅದಕ್ಕೇ ಚಳಿಗಾಲದಲ್ಲಿ ಪೀಪಾಯಿಯಲ್ಲಿ ರಸ ನಿಧಾನವಾಗಿ ಹುದುಗೋಕೆ ಇದು ಹೇಳಿ ಮಾಡಿಸಿದ ಜಾಗ. ಡೆವನ್‌ನಲ್ಲಿ ಒಂದು ಮಾತಿದೆ, ಒಳ್ಳೆ ಟೋಪಿ ಒಳ್ಳೆ ಬೂಟು ಕೊಟ್ಟರೆ ಕಾಬ್ ಗೋಡೆ ಎಷ್ಟು ಕಾಲ ಬೇಕಾದ್ರೂ ಬಾಳುತ್ತೆ ಅಂತ. ಟೋಪಿ ಅಂದ್ರೆ ಮಾಡು, ಬೂಟು ಅಂದ್ರೆ ಕಲ್ಲಿನ ಪಂಚಾಂಗ.

ಕಷ್ಟ ಏನಿತ್ತು

ಮಾಲೀಕರು ಅರವತ್ತು ದಾಟಿದ ದಂಪತಿ. ಸೈಡರ್ ಮಾಡೋದು ನಿಂತು ದಶಕಗಳೇ ಆಗಿತ್ತು, ಆಮೇಲೆ ಅಲ್ಲಿ ಕರು ಕಟ್ಟಿದ್ರು, ಆಮೇಲೆ ಟ್ರ್ಯಾಕ್ಟರ್ ಸಾಮಾನು ಇಟ್ಟಿದ್ರು. ಆದ್ರೂ ಪ್ರೆಸ್ಸು, ಮರಿಗೆ ಎರಡೂ ಇದ್ದಲ್ಲೇ ಇದ್ವು. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿತ್ತು, ಹಾಗಾಗಿ ಒಪ್ಪಿಗೆ ಇಲ್ಲದೆ ಏನೂ ಬದಲಾಯಿಸೋ ಹಾಗಿಲ್ಲ. ಅವರು ನಮ್ಮನ್ನ ಕರೆದದ್ದು ಒಂದು ಸೆಪ್ಟೆಂಬರ್‌ನಲ್ಲಿ, ಮೂಲೆಯಲ್ಲಿ ಮೇಲಿಂದ ಕೆಳಗೆ ಕೈ ಹೋಗೋಷ್ಟು ಬಿರುಕು ಬಿಟ್ಟಿತ್ತು, ಇಳಿಜಾರಿನ ಮೇಲ್ಬದಿಯ ಉದ್ದನೆ ಗೋಡೆ ಬುಡದಲ್ಲಿ ಹೊಟ್ಟೆ ಬಿಟ್ಟಿತ್ತು, ಕೆಳಬದಿಯ ಗೋಡೆ ನಡುಮಧ್ಯೆ ಹೊರಗೆ ವಾಲಿತ್ತು.

ನೋಡ್ತಿದ್ದ ಹಾಗೇ ಕೆಲವು ಕಾರಣ ಗೊತ್ತಾಯ್ತು. ಹೊರಗೆ ಪೂರ್ತಿ ಸಿಮೆಂಟ್ ಪ್ಲಾಸ್ಟರ್, ಬೆರಳಲ್ಲಿ ತಟ್ಟಿದ್ರೆ ಪೊಳ್ಳು ಪೊಳ್ಳು ಸದ್ದು. ಸಿಮೆಂಟಲ್ಲಿ ಒಂದು ಕೂದಲೆಳೆ ಸೀಳು ಬಿಟ್ರೂ ಸಾಕು, ಮಳೆ ನೀರು ಒಳಗೆ ಹೋಗುತ್ತೆ, ಆದ್ರೆ ಆವಿಯಾಗಿ ಹೊರಗೆ ಬರೋಕೆ ದಾರಿ ಇಲ್ಲ. ಸುಣ್ಣದ ಗಾರೆ ಆಗಿದ್ರೆ ನೆನೆದು ಮತ್ತೆ ಒಣಗ್ತಿತ್ತು. ಒಂದು ಕಡೆ ಪ್ಲಾಸ್ಟರ್ ತುಂಡು ಬಿದ್ದಿತ್ತು, ಅದರ ಹಿಂದಿನ ಮಣ್ಣು ರಾಗಿ ಮುದ್ದೆಗೆ ನೀರು ಜಾಸ್ತಿ ಆದ ಹಾಗೆ, ಬೆರಳು ಒತ್ತಿದ್ರೆ ಒಳಗೇ ಹೋಯ್ತು. ಎರಡನೇದು ಮಾಡು. ಮೊದಲು ಹುಲ್ಲಿನ ಮಾಡು ಇದ್ದಾಗ ಸೂರು ಗೋಡೆಯಿಂದ ಆಚೆಗೆ ಚೆನ್ನಾಗಿ ಚಾಚಿತ್ತು, ತಗಡು ಹಾಕಿದವರು ಅದನ್ನ ಗೋಡೆ ಅಂಚಿಗೇ ಕತ್ತರಿಸಿಬಿಟ್ಟಿದ್ರು, ಮಳೆ ನೇರ ಬುಡಕ್ಕೇ ಬೀಳ್ತಿತ್ತು. ತಗಡನ್ನ ನಾನು ದೂರಲ್ಲ, ಹುಲ್ಲು ಬದಲಾಯಿಸೋಕೆ ದುಡ್ಡಿಲ್ಲದ ಕಾಲದಲ್ಲಿ ಎಷ್ಟೋ ಇಂಥ ಮನೆಗಳನ್ನ ಉಳಿಸಿದ್ದೇ ಅದು. ಮೂರನೇದು, ಟ್ರ್ಯಾಕ್ಟರ್ ಒಳಗೆ ಬರ್ಲಿ ಅಂತ ಅಟ್ಟದ ಒಂದು ತೊಲೆಯನ್ನ ಯಾರೋ ಮಧ್ಯಕ್ಕೇ ಕುಯ್ದು ತೆಗೆದಿದ್ರು. ಅಟ್ಟದ ತೊಲೆ ಸೇಬಿನ ಭಾರ ಮಾತ್ರ ಹೊರಲ್ಲ, ಎರಡು ಉದ್ದ ಗೋಡೆಗಳನ್ನ ಕೈಹಿಡಿದು ನಿಲ್ಲಿಸಿರುತ್ತೆ. ಆ ಕೈ ಹೋದಮೇಲೆ ಗೋಡೆ ಹೊರಗೆ ವಾಲಿದ್ದು ಸಹಜ.

ನಮಗಿಂತ ಮುಂಚೆ ಬಂದ ಒಬ್ಬ ಕಂಟ್ರ್ಯಾಕ್ಟರ್ ಕೊಟ್ಟ ಪ್ಲಾನ್ ಹೀಗಿತ್ತು: ಬುಡದಲ್ಲಿ ಕೆಮಿಕಲ್ ಇಂಜೆಕ್ಟ್ ಮಾಡಿ ತೇವ ತಡೆಯೋದು, ಕೆಳಗೆ ಕಾಂಕ್ರೀಟ್ ತುಂಬೋದು, ಮೇಲೆ ಜಾಲರಿ ಹೊಡೆದು ಮತ್ತೆ ಸಿಮೆಂಟ್. ಮಾಲೀಕರು ಇದನ್ನ ಒಪ್ಪದೆ ನಮ್ಮನ್ನ ಕರೆದದ್ದೇ ಮೊದಲ ತಿರುವು. ಆ ಅಮ್ಮ ಹೇಳಿದ ಮಾತು ನನಗೆ ಇನ್ನೂ ನೆನಪಿದೆ, "ಸಿಮೆಂಟ್ ಹಾಕಿದ ಮೇಲೇ ಅಲ್ವಾ ಇದು ಕೆಟ್ಟಿದ್ದು, ಮತ್ತೆ ಅದನ್ನೇ ಯಾಕೆ ಹಾಕಬೇಕು" ಅಂತ. ಎಂಜಿನಿಯರ್ ರಿಪೋರ್ಟ್ ಇಲ್ಲದೇನೇ ಅವರು ಸರಿಯಾಗಿ ಹಿಡಿದಿದ್ರು.

ಮೊದಲು ಮಾಡಿದ್ದು, ಮತ್ತೆ ನಮ್ಮ ತಪ್ಪು

ಮೊದಲು ಮಾಡಿಗೆ ಒಳಗಿಂದ ಆಸರೆ ಕೊಟ್ವಿ, ಮಾಡಿನ ಭಾರ ಗೋಡೆ ಮೇಲೆ ಬೀಳದ ಹಾಗೆ. ಇದು ಸರಿಯಾದ ಕೆಲಸ, ಇದರಿಂದಲೇ ಆಮೇಲೆ ಯಾರಿಗೂ ಏನೂ ಆಗ್ಲಿಲ್ಲ. ಸೂರಿಗೆ ಮಳೆನೀರು ಹಿಡಿಯೋ ಹೊಸ ದೋಣಿ ಹಾಕಿದ್ವಿ, ಹೊರಗೆ ಗೋಡೆಗೆ ಒರಗಿ ಏರಿದ್ದ ಮಣ್ಣನ್ನ ಪಂಚಾಂಗ ಕಾಣೋ ಹಾಗೆ ತಗ್ಗಿಸಿದ್ವಿ. ಹಳೇ ಗೋಡೆಗಳಿಗೆ ಅಡಿಪಾಯ ಆಳ ಇರಲ್ಲ, ಹಾಗಾಗಿ ಒಂದೇ ಸಲ ಚರಂಡಿ ತೋಡದೆ ತುಂಡು ತುಂಡಾಗಿ ಮಾಡಿದ್ವಿ.

ಆಮೇಲೆ ಸಿಮೆಂಟ್ ಪ್ಲಾಸ್ಟರ್ ಕಿತ್ವಿ. ಕಿತ್ತಿದ್ದು ತಪ್ಪಲ್ಲ, ಕಿತ್ತ ಕಾಲ ತಪ್ಪು. ಅಕ್ಟೋಬರ್ ಕೊನೆಯಲ್ಲಿ ಶುರು ಮಾಡಿದ್ವಿ. ನಮ್ಮ ಜೊತೆಗಿದ್ದ ಕಾಬ್ ಮೇಸ್ತ್ರಿ, ಎಪ್ಪತ್ತು ದಾಟಿದವರು, ಎರಡು ಸಲ ಹೇಳಿದ್ರು, ಮೇ ತಿಂಗಳವರೆಗೆ ಬಿಡಿ, ನೆನೆದ ಗೋಡೆಗೆ ಆ ಸಿಮೆಂಟೇ ಈಗ ಊರುಗೋಲು ಅಂತ. ನಾನು ಬಿರುಕು ಅಗಲ ಆಗ್ತಿರೋದನ್ನ ಅಳೆದು, ತಡ ಮಾಡಿದ್ರೆ ಅಪಾಯ ಅಂದ್ಕೊಂಡು, ಒಂದೊಂದು ಮೀಟರ್ ಪಟ್ಟಿಯಾಗಿ ಕೀಳಿದ್ರೆ ಏನೂ ಆಗಲ್ಲ ಅಂತ ಒಪ್ಪಿಸಿದೆ. ಪಟ್ಟಿ ಪಟ್ಟಿಯಾಗಿ ಕಿತ್ತದ್ದು ನಿಜ, ಆದ್ರೆ ಚಳಿಗಾಲದಲ್ಲಿ ಒಣಗೋಕೆ ಗಾಳಿಗೆ ಶಕ್ತಿ ಇಲ್ಲ, ಬಿಸಿಲಿಲ್ಲ, ನೆನೆದ ಮಣ್ಣು ನೆನೆದ ಹಾಗೇ ನಿಂತಿತ್ತು. ಜನವರಿಯಲ್ಲಿ ಒಂದು ರಾತ್ರಿ ಮೇಲ್ಬದಿ ಗೋಡೆಯ ಎರಡೂವರೆ ಮೀಟರ್ ಉದ್ದ ಬುಡದಿಂದ ಕುಸಿದು ಕೂತ್ಕೊಂಡ್ತು. ಮಾಡು ಆಸರೆ ಮೇಲೆ ಹಾಗೇ ನಿಂತಿತ್ತು, ಪ್ರೆಸ್‌ಗೆ ಏನೂ ಆಗ್ಲಿಲ್ಲ. ಬೆಳಿಗ್ಗೆ ಹೋಗಿ ನಿಂತಾಗ ಮೇಸ್ತ್ರಿ ನನ್ನನ್ನ ಒಂದು ಮಾತೂ ಬೈಲಿಲ್ಲ, ಅದೇ ನನಗೆ ಜಾಸ್ತಿ ನೋವಾಗಿದ್ದು. ಆ ತೀರ್ಮಾನ ನನ್ನದು, ಅದರ ಹೊಣೆಯೂ ನನ್ನದು.

ತಿರುವು

ಕುಸಿದ ಜಾಗದಲ್ಲಿ ಗೋಡೆಯ ಒಳಗು ಕೇಕ್ ಕುಯ್ದ ಹಾಗೆ ಕಾಣ್ತಿತ್ತು. ಒಂದರ ಮೇಲೊಂದು ವರಸೆ ಸ್ಪಷ್ಟವಾಗಿ, ಮೇಲಿನ ವರಸೆಗಳಲ್ಲಿ ಹುಲ್ಲು ಇನ್ನೂ ಹಳದಿ, ನಿನ್ನೆ ತುಳಿದ ಹಾಗಿತ್ತು, ಕೆಳಗಿನ ಒಂದೂವರೆ ವರಸೆಯಲ್ಲಿ ಮಾತ್ರ ಕಪ್ಪಾಗಿ ಕೊಳೆತಿತ್ತು. ಮೇಸ್ತ್ರಿ ಎರಡು ಕಡೆಯಿಂದಲೂ ಒಂದೊಂದು ಮುಷ್ಟಿ ಮಣ್ಣು ತಗೊಂಡು ನನ್ನ ಕೈಗೆ ಕೊಟ್ರು. ಹೊರಬದಿ ಮಣ್ಣಿಗಿಂತ ಒಳಬದಿ ಮಣ್ಣು ಹೆಚ್ಚು ಒದ್ದೆ ಇತ್ತು. ನಾವು ಅಲ್ಲಿವರೆಗೂ ಮಳೆಯನ್ನೇ ದೂರ್ತಿದ್ವಿ, ನೀರು ಒಳಗಿಂದ ಬರ್ತಿತ್ತು.

ಇಲ್ಲಿ ಅಳತೆ ಬಗ್ಗೆ ಒಂದು ಮಾತು. ನಾವು ಮೊದಲು ಪಿನ್ ಚುಚ್ಚೋ ಎಲೆಕ್ಟ್ರಿಕ್ ಮೀಟರಲ್ಲಿ ತೇವ ನೋಡಿದ್ವಿ, ಅದು ಎಲ್ಲಾ ಕಡೆ ಜಾಸ್ತಿ ತೋರಿಸ್ತಿತ್ತು, ಹಾಗಾಗಿ ಒಳಗೂ ಹೊರಗೂ ಇದ್ದ ವ್ಯತ್ಯಾಸ ನಮಗೆ ಗೊತ್ತೇ ಆಗ್ಲಿಲ್ಲ. ಕರು ಕಟ್ಟಿದ್ದ ಮನೆ, ಗಂಜಲದ ಉಪ್ಪು ಗೋಡೆಯಲ್ಲಿ ಸೇರಿರುತ್ತೆ, ಉಪ್ಪಿದ್ರೆ ಆ ಮೀಟರ್ ಸುಳ್ಳು ಹೇಳುತ್ತೆ. ಆಮೇಲೆ ಸ್ಯಾಂಪಲ್ ಮಣ್ಣು ತೂಗಿ, ಓವನ್ನಲ್ಲಿ ಒಣಗಿಸಿ, ಮತ್ತೆ ತೂಗಿ ನೋಡಿದ್ವಿ. ಬುಡದ ಒಳಬದಿ 17 ಪರ್ಸೆಂಟ್, ಒಂದು ಆಳೆತ್ತರದಲ್ಲಿ 4. ಆರೋಗ್ಯವಾಗಿರೋ ಕಾಬ್‌ನಲ್ಲಿ ಕೆಲವೇ ಪರ್ಸೆಂಟ್ ಇರುತ್ತೆ, 17ಕ್ಕೆ ಅದು ಗೋಡೆಯಲ್ಲ, ಕೆಸರು. ಈ ತೂಗಿ ನೋಡೋ ಕೆಲಸವನ್ನ ಸೆಪ್ಟೆಂಬರ್‌ನಲ್ಲೇ ಮಾಡಿದ್ರೆ ನಾನು ಅಕ್ಟೋಬರ್‌ನಲ್ಲಿ ಪ್ಲಾಸ್ಟರ್ ಮುಟ್ತಿರ್ಲಿಲ್ಲ.

ಒಳಗೆ ಕಾಂಕ್ರೀಟ್ ನೆಲ, ಕರು ಕಟ್ಟೋವಾಗ ಹಾಕಿದ್ದು. ಅದನ್ನ ತೆಗೀಬೇಕು ಅಂತ ತೀರ್ಮಾನ ಆಯ್ತು, ಬ್ರೇಕರ್ ಅದುರುತ್ತೆ ಅಂತ ಬಳಸದೆ ಗೆರೆ ಗೆರೆಯಾಗಿ ಕುಯ್ದು ಕೈಯಲ್ಲೇ ಎತ್ತಿದ್ವಿ. ಕೆಳಗೆ ಸಿಕ್ಕಿದ್ದು ಮೂಲ ನೆಲ, ಮೊಟ್ಟೆ ಗಾತ್ರದಿಂದ ಮುಷ್ಟಿ ಗಾತ್ರದ ಕಲ್ಲುಗಳನ್ನ ಒತ್ತೊತ್ತಾಗಿ ನಿಲ್ಲಿಸಿ ಹಾಸಿದ್ದು. ಮೊದಲು ನೋಡಿದಾಗ ನೆಲ ಕುಸಿದಿದೆ ಅನ್ನಿಸ್ತು, ಲೆವೆಲ್ ಹಿಡಿದು ನೋಡಿದ್ರೆ ಇಡೀ ನೆಲ ಒಂದೇ ಮೂಲೆಗೆ ಇಳಿಜಾರು. ಮರಿಗೆಯ ಸುತ್ತ ಕುದುರೆ ನಡೆದ ದಾರಿ ಸವೆದಿತ್ತು, ಅದರ ಹೊರಗೆ ಸ್ಲೇಟ್ ಕಲ್ಲಿನ ಒಂದು ಸಣ್ಣ ಕಾಲುವೆ, ಆ ಕಾಲುವೆ ಹೋಗಿ ಮುಟ್ಟಿದ್ದು ಪಂಚಾಂಗದೊಳಗಿನ ಒಂದು ಅಂಗೈ ಅಗಲದ ತೂತಿಗೆ. ತೂತಿಗೆ ಸಿಮೆಂಟ್ ಬಡಿದು ಮುಚ್ಚಿದ್ರು.

ಅವತ್ತು ಎಲ್ಲಾ ಅರ್ಥ ಆಯ್ತು. ಇಳಿಜಾರಿಗೆ ಬೆನ್ನು ಕೊಟ್ಟ ಮನೆಗೆ ಗುಡ್ಡದ ಒರತೆ ಬಂದೇ ಬರುತ್ತೆ, ಕಟ್ಟಿದವರಿಗೆ ಅದು ಗೊತ್ತಿತ್ತು. ಅವರು ನೀರನ್ನ ತಡೆಯೋಕೆ ಹೋಗ್ಲಿಲ್ಲ, ಬರ್ಲಿ, ನೆಲದ ಕಲ್ಲುಗಳ ಸಂದಿಯಲ್ಲಿ ಹರಿದು, ಚೆಲ್ಲಿದ ಸೇಬಿನ ರಸ, ಮರಿಗೆ ತೊಳೆದ ನೀರು ಎಲ್ಲದರ ಜೊತೆ ತೂತಿಂದ ಆಚೆ ಹೋಗ್ಲಿ ಅಂತ ಬಿಟ್ಟಿದ್ರು. ಮೇಲೆ ಕಾಂಕ್ರೀಟ್ ಮುಚ್ಚಿ ತೂತು ಬಂದ್ ಮಾಡಿದಾಗ ಅದೇ ನೀರಿಗೆ ಉಳಿದ ಒಂದೇ ದಾರಿ ಗೋಡೆ. ನಾವು ಟೋಪಿ ಸರಿ ಮಾಡಿದ್ವಿ, ಬೂಟನ್ನ ಹೊರಗಿಂದ ಒರೆಸಿದ್ವಿ, ಬೂಟೊಳಗೆ ನೀರು ತುಂಬಿರೋದನ್ನ ನೋಡಿರ್ಲಿಲ್ಲ.

ಮತ್ತೆ ಕಟ್ಟಿದ್ದು

ತೂತು ಬಿಡಿಸಿದ ದಿನದಿಂದ ನಾವು ಮಾಡಿದ ಮುಖ್ಯ ಕೆಲಸ ಅಂದ್ರೆ ಕಾದದ್ದು. ಮೇ ಕೊನೆಯವರೆಗೆ ಗೋಡೆ ಮುಟ್ಲಿಲ್ಲ, ಬಾಗಿಲು ಕಿಟಕಿ ತೆಗೆದಿಟ್ಟು ಗಾಳಿ ಆಡೋಕೆ ಬಿಟ್ವಿ. ಹೀಟರ್ ಇಟ್ಟು ಒಣಗಿಸೋಣ ಅನ್ನೋ ಮಾತು ಬಂತು, ಬೇಡ ಅಂದ್ವಿ, ಹೊರಮೈ ಬೇಗ ಒಣಗಿ ಒಳಗು ಹಸಿ ಉಳಿದ್ರೆ ಹೊಸ ಬಿರುಕು ಬರುತ್ತೆ. ಈ ನಡುವೆ ಅಟ್ಟದಲ್ಲಿ ಬಾವಲಿ ಇರೋದು ಸರ್ವೇಲಿ ಗೊತ್ತಾಯ್ತು, ಅಲ್ಲಿ ಬಾವಲಿಗೆ ಕಾನೂನಿನ ರಕ್ಷಣೆ ಇದೆ, ಹಾಗಾಗಿ ಅಟ್ಟದ ಕೆಲಸ ಮರಿಗಳು ಹಾರಿಹೋಗೋ ತನಕ ಮುಂದಕ್ಕೆ ಹೋಯ್ತು.

ಕುಸಿದ ಭಾಗಕ್ಕೆ ಕಾಂಕ್ರೀಟ್ ಬ್ಲಾಕ್ ಇಟ್ರೆ ಒಂದು ವಾರದಲ್ಲಿ ಮುಗೀತಿತ್ತು, ಅಗ್ಗವೂ ಹೌದು. ಆದ್ರೆ ಮೆತ್ತಗಿನ ಗೋಡೆ ಮಧ್ಯೆ ಗಟ್ಟಿ ತುಂಡು ಇಟ್ರೆ ಎರಡೂ ಬೇರೆ ಬೇರೆ ಥರ ಅಲುಗಾಡ್ತವೆ, ಸೇರೋ ಜಾಗದಲ್ಲಿ ಬಿಟ್ಕೊಳ್ತವೆ, ತೇವವೂ ಅಲ್ಲೇ ಬಂದು ನಿಲ್ಲುತ್ತೆ. ಹೊಸ ಹಸಿ ಕಾಬ್ ತುಂಬೋದೂ ಸರಿ ಅಲ್ಲ, ಒಣಗೋವಾಗ ಕುಗ್ಗಿ ಹಳೇ ಗೋಡೆಯಿಂದ ದೂರ ಸರಿಯುತ್ತೆ. ಹಾಗಾಗಿ ಕುಸಿದು ಬಿದ್ದ ಅದೇ ಮಣ್ಣನ್ನ ಜರಡಿ ಹಿಡಿದು, ಕೊಳೆತ ಹುಲ್ಲು, ಉಪ್ಪು ಹಿಡಿದ ಭಾಗ ಬೇರೆ ಮಾಡಿ, ಹೊಸ ಹುಲ್ಲು ಹಾಕಿ ತುಳಿದು, ಅಚ್ಚಲ್ಲಿ ದೊಡ್ಡ ದೊಡ್ಡ ಹಸಿ ಇಟ್ಟಿಗೆ ಮಾಡಿ ಒಣಗಿಸಿದ್ವಿ. ಕುಗ್ಗೋದೆಲ್ಲ ಅಲ್ಲೇ ಕುಗ್ಗಿ ಮುಗೀತು. ಆಮೇಲೆ ಮಣ್ಣಿನ ಗಾರೆಯಲ್ಲಿ ಅವನ್ನ ಕೂರಿಸಿ, ಹಳೇ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಚ್ಚು ಕೊರೆದು ಹೆಣೆದ್ವಿ. ಮೂಲೆ ಬಿರುಕನ್ನೂ ಹೀಗೇ, ಅಡ್ಡಡ್ಡ ಕಚ್ಚು ತೆಗೆದು ಇಟ್ಟಿಗೆ ಇಟ್ಟು ಹೊಲಿದ್ವಿ. ಮಾಲೀಕರ ಮೊಮ್ಮಕ್ಕಳು ಬಂದು ಒಂದು ದಿನ ಪೂರ್ತಿ ಮಣ್ಣು ತುಳಿದ್ರು.

ಕುಯ್ದು ಹೋಗಿದ್ದ ತೊಲೆ ಜಾಗಕ್ಕೆ ಹೊಸ ಓಕ್ ತೊಲೆ ಬಂತು. ಕಾಬ್ ಮೇಲೆ ತೊಲೆ ತುದಿಯನ್ನ ಹಾಗೇ ಇಟ್ರೆ ಒತ್ತಿಕೊಂಡು ಕೆಳಗೆ ಹೋಗುತ್ತೆ, ಅದಕ್ಕೆ ತುದಿ ಕೆಳಗೆ ಉದ್ದನೆ ಓಕ್ ಹಲಗೆ ಕೂರಿಸಿ ಭಾರ ಹಂಚಿದ್ವಿ. ವಾಲಿದ ಗೋಡೆಯನ್ನ ನೇರ ಮಾಡೋ ಪ್ರಯತ್ನ ಮಾಡ್ಲಿಲ್ಲ, ಇದ್ದಲ್ಲೇ ಹಿಡಿದು ನಿಲ್ಲಿಸಿದ್ವಿ ಅಷ್ಟೇ. ತಗಡಿನ ಮಾಡನ್ನೂ ಉಳಿಸ್ಕೊಂಡು, ಕೆಟ್ಟ ಶೀಟ್ ಬದಲಿಸಿ, ಸೂರನ್ನ ಆಚೆಗೆ ಚಾಚಿದ್ವಿ.

ಇನ್ನೊಂದು ತೀರ್ಮಾನ ನಾವು ನಿರೀಕ್ಷೆ ಮಾಡದೇ ಇದ್ದದ್ದು. ಮಾಲೀಕರಿಗೆ ಹಳೇ ಮರಿಗೆ, ಪ್ರೆಸ್‌ನಲ್ಲೇ ಮತ್ತೆ ಸೈಡರ್ ಮಾಡೋ ಆಸೆ. ಮರಿಗೆ ಒಂದೇ ಕಲ್ಲಲ್ಲ, ಕಮಾನಿನ ತುಂಡುಗಳನ್ನ ಜೋಡಿಸಿದ್ದು, ತೊಳೆದು ನೋಡಿದಾಗ ಸಂದಿಗಳಲ್ಲಿ ಬೂದು ಬಣ್ಣದ ಲೋಹ ಕಾಣಿಸ್ತು, ಉಗುರಲ್ಲಿ ಗೀರಿದ್ರೆ ಗೀರಾಗ್ತಿತ್ತು. ಸೀಸ. ಡೆವನ್‌ನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಜನರಿಗೆ ಭಯಂಕರ ಹೊಟ್ಟೆ ನುಲಿತ, ಕೈ ಸ್ವಾಧೀನ ತಪ್ಪೋದು ಆಗ್ತಿತ್ತು, ಅದಕ್ಕೆ ಡೆವನ್ ಕಾಲಿಕ್ ಅಂತಾನೇ ಹೆಸರು. ಸೈಡರ್ ಹುಳಿಯಿಂದ ಬರುತ್ತೆ ಅಂತ ನಂಬಿದ್ರು. 1767ರಲ್ಲಿ ಜಾರ್ಜ್ ಬೇಕರ್ ಅನ್ನೋ ವೈದ್ಯರು, ಅವರೇ ಡೆವನ್‌ನಲ್ಲಿ ಹುಟ್ಟಿದವರು, ಹೆರೆಫರ್ಡ್ ಕಡೆ ಅಷ್ಟೇ ಸೈಡರ್ ಕುಡಿದ್ರೂ ಈ ಕಾಯಿಲೆ ಯಾಕಿಲ್ಲ ಅಂತ ಕೇಳ್ಕೊಂಡು, ಡೆವನ್‌ನ ಮರಿಗೆ ಪ್ರೆಸ್‌ಗಳಲ್ಲಿ ಬಳಸಿದ ಸೀಸವೇ ಕಾರಣ ಅಂತ ತೋರಿಸಿದ್ರು. ಸೇಬಿನ ಹುಳಿ ಸೀಸವನ್ನ ಕರಗಿಸುತ್ತೆ. ಅಂದ್ರೆ ಈ ರೋಗದ ಮೂಲ ಕಲ್ಲು ಜೋಡಿಸೋ ಒಂದು ಕಸುಬಿನ ವಿಧಾನದಲ್ಲೇ ಇತ್ತು.

ಸೀಸ ಕಿತ್ತು ಬೇರೆ ಏನಾದ್ರೂ ತುಂಬೋಣ್ವಾ ಅಂತ ಚರ್ಚೆ ನಡೀತು. ಕಿತ್ರೆ ಕಲ್ಲಿನ ಅಂಚು ಒಡೆಯುತ್ತೆ, ಕಿತ್ತರೂ ಕಲ್ಲಿನ ರಂಧ್ರದಲ್ಲಿ ಉಳಿದಿಲ್ಲ ಅಂತ ಯಾರು ಹೇಳ್ತಾರೆ. ಕೊನೆಗೆ ಮರಿಗೆ, ಪ್ರೆಸ್ ಎರಡನ್ನೂ ಇದ್ದ ಹಾಗೇ ಉಳಿಸಿ, ಕುಡಿಯೋ ಸೈಡರ್‌ಗೆ ಪಕ್ಕದ ಶೆಡ್‌ನಲ್ಲಿ ಸ್ಟೀಲಿನ ಸಣ್ಣ ಪ್ರೆಸ್ ಇಟ್ಕೊಳ್ಳೋದು ಅಂತಾಯ್ತು. ಯಜಮಾನರಿಗೆ ಬೇಜಾರಾಯ್ತು, ಎರಡು ವಾರ ಮಾತಾಡ್ಲಿಲ್ಲ. ಆಮೇಲೆ ಅವರೇ ಪೀಪಾಯಿಗಳನ್ನ ಮಾತ್ರ ಹಳೇ ಕಾಬ್ ಗೋಡೆ ತಂಪಲ್ಲೇ ಇಡ್ತೀನಿ ಅಂದ್ರು, ಅದಕ್ಕೆ ಯಾವ ಅಡ್ಡಿಯೂ ಇರ್ಲಿಲ್ಲ.

ಕಾಂಕ್ರೀಟ್ ತೆಗೆದು ಒಂದು ವರ್ಷ ಆದಮೇಲೆ ಅದೇ ಬುಡದಿಂದ ಸ್ಯಾಂಪಲ್ ತಗೊಂಡ್ವಿ, 6 ಪರ್ಸೆಂಟ್ ಬಂತು. ಬಿರುಕಿನ ಮೇಲೆ ಅಂಟಿಸಿದ್ದ ಅಳತೆಪಟ್ಟಿ ಆ ಚಳಿಗಾಲ ಅಲುಗಾಡ್ಲಿಲ್ಲ. ಬೇಸಿಗೆಯಲ್ಲಿ ಮೂರು ಗೋಡೆಗೆ ಸುಣ್ಣದ ಗಾರೆ ಮುಗಿಸಿ ಸುಣ್ಣ ಬಳಿದ್ವಿ. ಮೇಲ್ಬದಿ ಗೋಡೆಗೆ ಮೇಸ್ತ್ರಿ ಇನ್ನೊಂದು ಬೇಸಿಗೆ ಬೇಕು ಅಂದ್ರು, ಈ ಸಲ ನಾನು ಎದುರು ಮಾತಾಡ್ಲಿಲ್ಲ, ಅದು ಇನ್ನೂ ಬರೀ ಮಣ್ಣಾಗೇ ನಿಂತಿದೆ. ಹೋದ ನವೆಂಬರ್‌ನಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದಾಗ ಆ ಅಮ್ಮ ಒಂದು ವಿಡಿಯೋ ಕಳಿಸಿದ್ರು, ಅದರಲ್ಲಿ ಮಾತಿಲ್ಲ, ಪಂಚಾಂಗದ ತೂತಿಂದ ಹೆಬ್ಬೆರಳು ದಪ್ಪ ನೀರು ಒಂದೇ ಸಮ ಹೊರಗೆ ಹರೀತಿರೋದು ಅಷ್ಟೇ ಇದೆ.